ಬೇರೀಜು ಹಾಕದ ಖಾತೆ

"ದೇವ್ರ ಲೆಕ್ಕ ವಹಿಯಾಗ ಯಾರ್ ಬರೀತಾರಪಾ?" ಅಂತ ಪಕ್ಕದ ಅಂಗಡಿಯ ಸಾವ್ಕಾರರು ಕೇಳಿದ್ದರು. ದೇವರು ಇದ್ದಾನೋ ಇಲ್ಲವೋ ಅನ್ನುವ ಪ್ರಶ್ನೆಗೆ ನಾನು ಅಂಗಡಿಯ ಲೆಕ್ಕದ ಪುಸ್ತಕದ ಹಾಗೆಯೇ ಒಂದು ವಹಿ ಇಟ್ಟಿದ್ದೆ. ಇಡೀ ಗಂಜ್‌ನಲ್ಲಿ, ಅಂದರೆ ನಮ್ಮ ದವಸದ ಮಾರುಕಟ್ಟೆಯಲ್ಲಿ, ಒಬ್ಬರಿಗೂ ಅದರ ಮೇಲೆ ನಂಬಿಕೆ ಇರಲಿಲ್ಲ. ಇವತ್ತು ಅದೇ ಸಾವ್ಕಾರರ ಗಲ್ಲಾದ ಕೆಳಗೆ ಅಂಥದ್ದೇ ಒಂದು ವಹಿ ಇದೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ದೇವರು ಇದ್ದಾನೋ ಇಲ್ಲವೋ, ಈ ಬದುಕು ಯಾತಕ್ಕೋ ಅಂತ ನಿದ್ದೆಗೆಟ್ಟವರಿಗೆ ಎರಡೂ ಕಡೆಯ ವಾದ ಬಾಯಿಪಾಠ ಇರುತ್ತದೆ. ಅದನ್ನು ನಾನು ಮತ್ತೆ ಹೇಳುವುದಿಲ್ಲ. ನನಗೂ ಉತ್ತರ ಸಿಕ್ಕಿಲ್ಲ. ಆದರೆ ಈಗ ನಿದ್ದೆ ಬರುತ್ತದೆ. ಹೇಗೆ ಬಂತು ಅನ್ನುವುದಷ್ಟೇ ಇಲ್ಲಿದೆ.

ಕಲಬುರಗಿ ಗಂಜ್‌ನಲ್ಲಿ ನಮ್ಮದು ಅಡತ್ ಅಂಗಡಿ, ಅಂದರೆ ರೈತರ ಮಾಲನ್ನು ಹರಾಜಿನಲ್ಲಿ ಮಾರಿಸಿಕೊಡುವ ಅಂಗಡಿ. ತೊಗರಿ ಜಾಸ್ತಿ, ಕಡಲೆ ಸ್ವಲ್ಪ. 2017ರಲ್ಲಿ ನನ್ನ ತಮ್ಮ ತೀರಿಕೊಂಡ. ಮೂವತ್ತೆರಡು ವರ್ಷ. ಆಸ್ಪತ್ರೆಗೆ ಆರು ಲಕ್ಷದ ಹತ್ತಿರ ಹೋಯಿತು. ಆ ದುಡ್ಡಿನ ಬಗ್ಗೆ ನನಗೆ ದುಃಖ ಇಲ್ಲ. ಆಮೇಲೆ ಹೋದ ದುಡ್ಡಿನದ್ದೇ ದುಃಖ. ಶಾಂತಿ, ಹೋಮ ಅಂತ ಒಂದೂವರೆ ಲಕ್ಷ ಕೊಟ್ಟೆ. ಜಾತಕ ನೋಡುವವರೊಬ್ಬರಿಗೆ ಹನ್ನೊಂದು ಸಾವಿರ. ಹತ್ತು ದಿನದ ಧ್ಯಾನದ ಶಿಬಿರಕ್ಕೆ ಎಂಟು ಸಾವಿರ. ಆಮೇಲೆ ಸಿಟ್ಟು ಬಂದು, ದೇವರಿಲ್ಲ ಅನ್ನುವ ಪುಸ್ತಕಗಳನ್ನೇ ಹನ್ನೆರಡು ಸಾವಿರಕ್ಕೆ ತಂದೆ. ಎಲ್ಲ ಓದಿದೆ. ನಂಬಿದಾಗಲೂ ರಾತ್ರಿ ಎರಡಕ್ಕೆ ಎಚ್ಚರ ಆಗುತ್ತಿತ್ತು, ನಂಬದಾಗಲೂ ಎರಡಕ್ಕೇ ಎಚ್ಚರ ಆಗುತ್ತಿತ್ತು.

2018ರ ದೀಪಾವಳಿಗೆ ಹೊಸ ವಹಿ ತರುವಾಗ ಒಂದು ಜಾಸ್ತಿ ತಂದೆ. ಕೆಂಪು ಬಟ್ಟೆಯ ರಟ್ಟು, ನೂರಾ ಎಂಬತ್ತು ರೂಪಾಯಿ ಇರಬೇಕು. ಹಳೆ ವಹಿಯ ಬಾಕಿಯನ್ನು ಹೊಸದಕ್ಕೆ ಒಯ್ಯುತ್ತಾ ಕೂತಿದ್ದೆ. ನಲವತ್ತು ರೈತರ ಬಾಕಿ ತೀರಿರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಅಂಗಡಿ ತೆಗೆಯುತ್ತೇವೆ ಅಲ್ವಾ? ಹಾಗಾದರೆ ಈ ಪ್ರಶ್ನೆಯನ್ನೂ ಬಾಕಿಗೆ ಹಾಕಿ ಮುಂದಕ್ಕೆ ಒಯ್ದರೆ ಏನಾಗುತ್ತದೆ ಅನಿಸಿತು.

ಮೊದಲ ಪುಟಕ್ಕೆ 'ಇದ್ದಾನೇನು?' ಅಂತ ಹೆಸರಿಟ್ಟೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಇದ್ದಾನೆ ಅನಿಸಿದ ದಿನ ಎಡಕ್ಕೆ ಒಂದು ಸಾಲು, ಇಲ್ಲ ಅನಿಸಿದ ದಿನ ಬಲಕ್ಕೆ ಒಂದು ಸಾಲು. ಎರಡನೇ ಪುಟಕ್ಕೆ 'ಯಾತಕ್ಕೆ?' ಅಂತ ಬರೆದೆ. ಇವತ್ತು ಬದುಕಿದ್ದು ಸುಮ್ನೆ ಹೋಗಲಿಲ್ಲ ಅನಿಸಿದ್ದೆಲ್ಲ ಅದರಲ್ಲಿ.

ಮೊದಲ ವಹಿ ಪೂರ್ತಿ ಕೆಟ್ಟಿತು. ತಪ್ಪು ನನ್ನದೇ. ಅಡತಿಯ ಚಟ, ತಿಂಗಳಿಗೊಮ್ಮೆ ಎರಡೂ ಕಡೆಯ ಸಾಲು ಕೂಡಿಸಿ ಬೇರೀಜು ಹಾಕುತ್ತಿದ್ದೆ. ಒಂದು ತಿಂಗಳು ಎಡಕ್ಕೆ ಹದಿನೇಳು, ಬಲಕ್ಕೆ ಹದಿಮೂರು ಬಂತು ಅಂದರೆ ದೇವರು ಗೆದ್ದ ಅಂತ ಕುಣಿಯುವುದು. ಮುಂದಿನ ತಿಂಗಳು ತಿರುಗಿದರೆ ಮತ್ತೆ ಕತ್ತಲೆ. ಆರೇಳು ತಿಂಗಳಿಗೆ ಮೊದಲಿಗಿಂತ ಹಾಳಾದೆ. ಎರಡನೇ ವಹಿಯಲ್ಲಿ ಬೇರೀಜು ಬಿಟ್ಟೆ. ಆದರೆ ರಾತ್ರಿ ಮಲಗುವ ಮುಂಚೆ ಬರೆಯುತ್ತಿದ್ದೆ. ರಾತ್ರಿ ಬರೆದರೆ ಬಲಗಡೆಯೇ ತುಂಬುತ್ತದೆ, ನೀವೂ ನೋಡಿ. ಕೊರೋನಾ ಬಂದಾಗ ಅದನ್ನೂ ಕಟ್ಟಿಟ್ಟೆ.

2021ರಿಂದ ಬೆಳಿಗ್ಗೆ ಹರಾಜು ಶುರುವಾಗುವ ಮುಂಚೆ, ಹಮಾಲರು ಚೀಲ ಇಳಿಸುವ ಹೊತ್ತಿನಲ್ಲಿ ಬರೆಯತೊಡಗಿದೆ. ಐದೇ ನಿಮಿಷ. ಬೇರೀಜು ಇಲ್ಲ. ಪುಟ ತುಂಬಿದರೆ ಕೆಳಗೆ 'ಬಾಕಿ ಮುಂದಕ್ಕೆ' ಅಂತ ಬರೆದು ಮಗುಚುವುದು. ಹೀಗೆ ಮಾಡಿದ ಮೇಲೆ ಕೂಡಿಬಂತು. ಪುಟದ ಮೊದಲ ಸಾಲಿಗೆ ಮೂರು ಪದ ಬರೆಯುತ್ತೇನೆ. ಅವು ನನ್ನ ತಮ್ಮನ ಮಾತು, ಇಲ್ಲಿ ಹೇಳುವುದಿಲ್ಲ. ಸಿಟ್ಟಿಗೆ ಬೇರೆ ಪುಟ ಇದೆ. ಅದನ್ನು ಹೇಗೆ ಬರೆಯುತ್ತೇನೆ ಅನ್ನುವುದನ್ನೂ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಊರೂರು ತಿರುಗಿದ್ದೂ ಉಂಟು. ಗಾಣಗಾಪುರದಲ್ಲಿ ಭೀಮಾ-ಅಮರ್ಜಾ ಸಂಗಮದಲ್ಲಿ ಮುಳುಗಿ ಎದ್ದೆ. ಬಂದೇ ನವಾಜ್ ದರ್ಗಾದ ಅಂಗಳದಲ್ಲಿ ಕೂತು ಬಂದೆ. ಬುದ್ಧವಿಹಾರಕ್ಕೆ ಎಷ್ಟು ಸಲ ಹೋದೆನೋ ಲೆಕ್ಕ ಇಲ್ಲ. ಬೀದರಿಗೆ ರೈಲು ಹತ್ತಿ ಹೋಗಿ ನರಸಿಂಹ ಝರಣಿಯ ಗವಿಯಲ್ಲಿ ಎದೆಮಟ್ಟ ನೀರಿನಲ್ಲಿ ನಡೆದೆ. ಮೇಲೆ ಬಾವಲಿ, ಮುಂದೆ ಯಾರದೋ ಹೆಗಲ ಮೇಲೆ ಒಂದು ಕೂಸು. ಆ ನೀರಿನಲ್ಲಿ ಇದ್ದಾನೋ ಇಲ್ಲವೋ ಅನ್ನುವ ಯೋಚನೆಯೇ ಬರಲಿಲ್ಲ. ಕಾಲಿಗೆ ಕಲ್ಲು ಸಿಗುತ್ತದಾ ಅನ್ನುವುದಷ್ಟೇ ಇತ್ತು. ಅದನ್ನು ಯಾವ ಕಡೆ ಬರೆಯಬೇಕೋ ತಿಳಿಯದೆ ಎರಡನೇ ಪುಟಕ್ಕೆ ಹಾಕಿದೆ.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಸನ್ನತಿ. ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆಯ ಮೇಲಿದೆ. ಅಲ್ಲಿ ಚಂದ್ರಲಾಂಬೆಯ ಗುಡಿ ಆವರಣದ ಕಾಳಮ್ಮನ ಗುಡಿಯ ಛಾವಣಿ 1986ರಲ್ಲಿ ಕುಸಿಯಿತು. ಆಗ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಮೂರ್ತಿ ಕೂರಿಸಲು ಆ ಕಲ್ಲಿನ ನಡುವೆ ಚೌಕಾಕಾರದ ತೂತು ಕೊರೆದಿದ್ದಾರೆ, ಅಕ್ಷರಗಳೇ ಹೋಗಿವೆ. ಉಳಿದ ಅಕ್ಷರಗಳಲ್ಲಿ ಹನ್ನೆರಡನೇ ಶಾಸನವೂ ಇದೆ. ತನ್ನ ಪಂಥವನ್ನೇ ಹೊಗಳಿ ಇನ್ನೊಬ್ಬರದನ್ನು ಹಳಿಯಬೇಡಿ, ಮಾತು ಬಿಗಿ ಹಿಡಿಯಿರಿ ಅನ್ನುವುದು ಅದರ ಸಾರ. ಕಾಳಮ್ಮನಿಗೆ ಕೈಮುಗಿದು ಹೋದ ಎಷ್ಟೋ ತಲೆಮಾರಿಗೆ ಕೆಳಗೆ ಏನಿದೆ ಅಂತ ತಿಳಿದಿರಲಿಲ್ಲ. ಅವರ ಬೇಡಿಕೆ, ಅವರ ಅಳು ಸುಳ್ಳಾಗಿತ್ತೇನು? ಆ ಊರಿನಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದೆ.

ಅವತ್ತು ಮನೆಗೆ ಬಂದಾಗ ಅವ್ವ ದೇವರ ಗೂಡಿನ ಮುಂದೆ ಬತ್ತಿ ಹೊಸೆಯುತ್ತಿದ್ದಳು. ತಮ್ಮ ಹೋದಾಗಿನಿಂದ ನಾನು ಅವಳ ಪೂಜೆಗೆ ಒಂದಲ್ಲ ಒಂದು ಮಾತು ಅನ್ನುತ್ತಿದ್ದೆ. ಅವತ್ತು ಸುಮ್ಮನೆ ಪಕ್ಕದಲ್ಲಿ ಕೂತೆ. ಬಹಳ ಹೊತ್ತಾದ ಮೇಲೆ ಅವಳೇ ಕೇಳಿದಳು.

"ಯಪ್ಪಾ, ದೇವ್ರು ಅದಾನೇನು?"

"ಗೊತ್ತಿಲ್ಲ ಯವ್ವಾ."

"ನನಗೂ ಗೊತ್ತಿಲ್ಲ" ಅಂದಳು. ಬೆರಳಿನ ಎಣ್ಣೆಯನ್ನು ತಲೆಗೆ ಒರೆಸಿಕೊಂಡು ದೀಪ ಹಚ್ಚಿದಳು. ಎಪ್ಪತ್ತು ವರ್ಷ ಶರಣಬಸವೇಶ್ವರ ಗುಡಿಗೆ ನಡೆದ ನನ್ನ ಅವ್ವ ಹಾಗೆ ಅಂದದ್ದನ್ನು ನಾನು ಇನ್ನೂ ಮರೆತಿಲ್ಲ. ಅದನ್ನು ವಹಿಯಲ್ಲಿ ಬರೆಯಲೂ ಇಲ್ಲ.

ನನ್ನ ವಹಿಗೆ ನಿಜವಾದ ಪರೀಕ್ಷೆ ಬಂದದ್ದು 2022ರ ಕೊನೆಗೆ. ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿದ್ದದ್ದು ನಿಮಗೆ ನೆನಪಿರಬೇಕು. ಹೂವು, ಕಾಯಿ ಹಿಡಿದ ಗಿಡ ನಿಂತಲ್ಲೇ ಒಣಗಿತು. ನಾನು ರೈತರಿಗೆ ಕೊಟ್ಟ ಮುಂಗಡ ಒಂಬತ್ತು ಲಕ್ಷದಷ್ಟು ಸಿಕ್ಕಿಹಾಕಿಕೊಂಡಿತು. ಮೊದಲಿನ ನಾನಾಗಿದ್ದರೆ ಅವತ್ತೇ ತೀರ್ಮಾನ ಬರೆದುಬಿಡುತ್ತಿದ್ದೆ. ಮೊದಲ ಪುಟದ ಬಲಗಡೆ ಇಪ್ಪತ್ತು ದಿನ ಒಂದೇ ಸಮನೆ ತುಂಬಿತು. ಆದರೆ ಎರಡನೇ ಪುಟ ನಿಲ್ಲಲಿಲ್ಲ. ಒಬ್ಬ ರೈತನ ಜೊತೆ ಹೊಲಕ್ಕೆ ಹೋಗಿ ಒಣಗಿದ ಗಿಡ ಕಿತ್ತದ್ದು. ತಮ್ಮನ ಮಗಳ ಶಾಲೆ ಫೀಸು ತಪ್ಪದೆ ಕಟ್ಟಿದ್ದು. ಬಾಕಿ ಕೇಳದೆ ಒಬ್ಬನಿಗೆ ಚಹಾ ಕುಡಿಸಿ ಕಳಿಸಿದ್ದು, ಅವನು ಬಾಗಿಲಲ್ಲಿ ತಿರುಗಿ ನೋಡಿದ್ದು.

ಆಗ ಹಿಂದಿನ ಪುಟಗಳನ್ನೆಲ್ಲ ತಿರುವಿದೆ. 'ಯಾತಕ್ಕೆ?' ಪುಟದ ಯಾವ ಸಾಲಿಗೂ 'ಇದ್ದಾನೇನು?' ಪುಟದ ಉತ್ತರ ಬೇಕಾಗಿರಲಿಲ್ಲ. ಐದು ವರ್ಷ ನಾನು ಒಂದನೇ ಖಾತೆ ತೀರಿದ ಮೇಲೆ ಎರಡನೆಯದು ತೆರೆಯಬೇಕು ಅಂದುಕೊಂಡಿದ್ದೆ. ಅವು ಬೇರೆ ಬೇರೆ ಖಾತೆಗಳು. ಇದನ್ನು ಯಾವ ಪುಸ್ತಕದಲ್ಲೂ ಓದಿ ತಿಳಿದದ್ದಲ್ಲ, ನನ್ನ ಕೈಬರಹದಲ್ಲೇ ಕಂಡದ್ದು. ಆ ರಾತ್ರಿ ಎರಡಕ್ಕೆ ಎಚ್ಚರ ಆಗಲಿಲ್ಲ. ಬೆಳಿಗ್ಗೆ ಹೆಂಡತಿ ಎಬ್ಬಿಸಬೇಕಾಯಿತು.

ಆ ಒಂಬತ್ತು ಲಕ್ಷದಲ್ಲಿ ಆರೂವರೆಯ ಹತ್ತಿರ ಬಂದಿದೆ. ಉಳಿದದ್ದು ಬರಬಹುದು. ಗಂಜ್‌ನಲ್ಲಿ ಈಗ ನಾಲ್ಕು ಜನ ಈ ವಹಿ ಬರೆಯುತ್ತಾರೆ. ಪಕ್ಕದ ಸಾವ್ಕಾರರು ಎಡ-ಬಲ ಮಾಡುವುದಿಲ್ಲ, ನಡುವೆ ಒಂದೇ ಸಾಲು ಎಳೆಯುತ್ತಾರೆ. ಅವರಿಗೆ ಅದು ಹೊಂದಿದೆ. ನನ್ನದು ಈಗ ಐದನೇ ವಹಿ. ಈ ದೀಪಾವಳಿಗೆ ಅವ್ವ ಅದಕ್ಕೂ ಕುಂಕುಮ ಹಚ್ಚಿದಳು. ಒಳಗೆ ಏನಿದೆ ಅಂತ ಕೇಳಲಿಲ್ಲ. ನಾನು ಮೊದಲ ಪುಟ ತೆಗೆದು ತಮ್ಮನ ಮೂರು ಪದ ಬರೆದೆ. ಕೆಳಗೆ 'ಹಿಂದಿನ ಬಾಕಿ' ಅಂತ ಬರೆದು, ಅಂಕಿಯ ಜಾಗ ಖಾಲಿ ಬಿಟ್ಟೆ.