ಕೆಲ್ಸದ ಮಣೆ ಊರು ಬದಲಾಯ್ಸಿದಾಗ: ನನ್ನ ಅನುಭವ

ಹೊಸ ಮನೆಗೆ ಬಂದು ಆರನೇ ದಿನಕ್ಕೆ ಒಂದು ಕರಡಿಗೆಯ, ಅಂದ್ರೆ ಇಷ್ಟಲಿಂಗ ಇಟ್ಟು ಕೊರಳಿಗೆ ಹಾಕ್ಕೊಳೋ ಬೆಳ್ಳಿ ಡಬ್ಬಿಯ, ಮುಚ್ಚಳ ಕರಗಿಸಿಬಿಟ್ಟೆ. ಹನ್ನೊಂದು ವರ್ಷದಿಂದ ಬೆಳ್ಳಿ ಕೆಲಸ ಮಾಡ್ತಿದೀನಿ, ಕಲಿಯೋ ದಿನಗಳು ಬಿಟ್ರೆ ಹಾಳೆ ಕಾಯ್ಸೋವಾಗ ಕರಗಿಸಿದ್ದು ಇದೇ ಮೊದಲು. ಕೈ ಅದೇ, ಗ್ಯಾಸ್ ಗನ್ ಅದೇ, ಬೆಳ್ಳಿ ಅದೇ. ಬದಲಾಗಿದ್ದು ರೂಮು ಮಾತ್ರ. ಯಾಕೆ ಹಂಗಾಯ್ತು ಅಂತ ಗೊತ್ತಾಗೋಕೆ ಎರಡು ದಿನ ಬೇಕಾಯ್ತು. ಮನೇಲೇ ಕೂತು ಒಡವೆ ಕೆಲಸ ಮಾಡೋರು ಯಾರಾದ್ರೂ ಮನೆ ಬದಲಾಯ್ಸೋ ಯೋಚ್ನೇಲಿದ್ರೆ ಉಪಯೋಗ ಆಗ್ಲಿ ಅಂತ ಇದನ್ನ ಬರೀತಿದೀನಿ.

ನಾವಿದ್ದಿದ್ದು ಚಿತ್ರದುರ್ಗದ ದೊಡ್ಡಪೇಟೇಲಿ, ಹಳೇ ಮಾಳಿಗೆ ಮನೆ. ನಮ್ಮನೆಯವರಿಗೆ ದಾವಣಗೆರೆಗೆ ವರ್ಗ ಆಯ್ತು, ಮಗಳದ್ದೂ ಕಾಲೇಜು ಇಲ್ಲೇ ಅಂತಾಯ್ತು, ಸರಿ ಹೊರಡೋಣ ಅಂದ್ಕೊಂಡ್ವಿ. ಅತ್ತೆ ಒಂದೇ ಮಾತು ಹೇಳಿದ್ರು, "ಆಷಾಢ ಹಿಡಿಯೋದ್ರೊಳಗೆ ಹಾಲುಕ್ಕಿಸಿಬಿಡ್ರಿ" ಅಂತ. ಹಂಗಾಗಿ ಕೈಲಿದ್ದಿದ್ದು ಮೂರೇ ವಾರ. ನಿಟ್ಟುವಳ್ಳೀಲಿ ಮೊದಲನೇ ಮಹಡಿ ಮನೆ ಸಿಕ್ತು. ದುರ್ಗದಿಂದ ದಾವಣಗೆರೆ ಅಂದ್ರೆ ಹೈವೇಲಿ ಹೆಚ್ಚುಕಮ್ಮಿ ಅರವತ್ತು ಕಿಲೋಮೀಟರ್, ದೂರ ಏನಲ್ಲ, ಆದ್ರೆ ಕೆಲಸ ಮಾಡೋ ಜಾಗ ಕಿತ್ತು ಇನ್ನೊಂದು ಕಡೆ ಹೂಡೋದು ಅಂದ್ರೆ ಅರವತ್ತಾದ್ರೇನು ಆರಾದ್ರೇನು, ಕಷ್ಟ ಒಂದೇ.

ನಾನು ಮೊದಲು ಮಾಡಿದ ಕೆಲಸ ಗಿರಾಕಿಗಳ ಬೆಳ್ಳಿ ಬೇರೆ ಮಾಡಿದ್ದು. ಹಳೇ ಕಾಲುಂಗುರ, ಮುರಿದ ಗೆಜ್ಜೆ, ಉಡಿದಾರ ಕೊಟ್ಟು ಹೊಸದು ಮಾಡಿಕೊಡಿ ಅಂದೋರ ಬೆಳ್ಳಿ ಒಂದೊಂದನ್ನೂ ತೂಕ ಹಾಕಿ, ಜಿಪ್ ಕವರಿಗೆ ಹಾಕಿ, ಹೆಸರು ತೂಕ ತಾರೀಕು ಚೀಟಿ ಒಳಗಿಟ್ಟು, ಅದೇ ನೋಟ್‌ಬುಕ್ಕಲ್ಲೂ ಬರೆದು, ತಕ್ಕಡಿ ಮೇಲಿರೋವಾಗ್ಲೇ ನಂಬರ್ ಕಾಣೋ ಹಂಗೆ ಮೊಬೈಲಲ್ಲಿ ಫೋಟೋ ತೆಗೆದೆ. ಆ ಬ್ಯಾಗು ಲಗೇಜ್ ಗಾಡಿ ಹತ್ತಲಿಲ್ಲ, ನನ್ನ ತೊಡೆ ಮೇಲೇ ಬಂತು. ಭರಮಸಾಗರದಲ್ಲಿ ಟೀಗೆ ನಿಲ್ಸಿದಾಗ್ಲೂ ನಾನು ಕೆಳಗಿಳೀಲಿಲ್ಲ. ಜನ ನಂಬಿ ಕೊಟ್ಟಿರೋ ಬೆಳ್ಳಿ ಅದು, ಅದ್ರಲ್ಲಿ ಒಂದು ಗ್ರಾಂ ಹೆಚ್ಚುಕಮ್ಮಿ ಆದ್ರೂ ನಾನು ಯಾರ ಮುಖ ನೋಡ್ಲಿ.

ಪ್ಯಾಕಿಂಗಲ್ಲಿ ಒಂದು ತಪ್ಪಾಯ್ತು. ಮಗಳು ಪಾಪ ಸಹಾಯಕ್ಕೆ ಕೂತ್ಲು, ಬೆಳ್ಳಿ ತಂತಿ ಸುರುಳಿಗಳಿಗೆಲ್ಲ ರಬ್ಬರ್ ಬ್ಯಾಂಡ್ ಹಾಕಿ, ರೆಡಿ ಇದ್ದ ಓಲೆಗಳನ್ನ ನ್ಯೂಸ್ ಪೇಪರಲ್ಲಿ ಸುತ್ತಿ ಡಬ್ಬಿಗೆ ತುಂಬಿದ್ಲು, ನಾನು ಬೇರೆ ಕಡೆ ಇದ್ದೆ, ನೋಡ್ಲಿಲ್ಲ. ಎರಡು ವಾರ ಆದ್ಮೇಲೆ ಡಬ್ಬಿ ತೆಗೆದ್ರೆ ಬ್ಯಾಂಡ್ ಇದ್ದ ಕಡೆಯೆಲ್ಲ ಕಪ್ಪು ಗೆರೆ, ಪೆನ್ನಲ್ಲಿ ಎಳೆದ ಹಂಗೆ. ರಬ್ಬರ್ ಗಟ್ಟಿ ಮಾಡೋಕೆ ಗಂಧಕ ಹಾಕಿರ್ತಾರೆ, ಬೆಳ್ಳಿಗೆ ಗಂಧಕ ತಾಗಿದ್ರೆ ಕಪ್ಪಾಗುತ್ತೆ, ಅಷ್ಟೇ ವಿಷಯ. ಪೇಪರ್ ಸುತ್ತಿದ್ರೂ ಮಂಕಾಗುತ್ತೆ. ಹಳೇ ಬಿಳಿ ಪಂಚೆ ಬಟ್ಟೇಲಿ ಸುತ್ತಿ ಗಾಳಿ ಆಡದ ಕವರಲ್ಲಿಟ್ಟು, ಜೊತೆಗೊಂದು ಸೀಮೆಸುಣ್ಣ ಹಾಕಿದ್ರೆ ತೇವ ಎಳ್ಕೊಳುತ್ತೆ, ಏನೂ ಆಗಲ್ಲ. ಗೆರೆ ಬಿದ್ದಿದ್ದನ್ನ ಸ್ಟೀಲ್ ಪಾತ್ರೆ ಒಳಗೆ ಅಲ್ಯುಮಿನಿಯಂ ಫಾಯಿಲ್ ಹಾಸಿ, ಅಡುಗೆ ಸೋಡಾ ಉದುರಿಸಿ, ಕುದಿಯೋ ನೀರು ಹಾಕಿ, ಬೆಳ್ಳಿ ಫಾಯಿಲ್ಲಿಗೆ ತಾಗೋ ಹಂಗೆ ಇಟ್ಟು ತೆಗೆದೆ, ಸುಮಾರಷ್ಟು ಹೋಯ್ತು. ಆದ್ರೆ ಬೇಕಂತಲೇ ಕಪ್ಪು ಕೊಟ್ಟಿರೋ ಆಕ್ಸಿಡೈಸ್ಡ್ ಓಲೆಗಳನ್ನ ಮಾತ್ರ ಅದ್ರೊಳಗೆ ಹಾಕ್ಬೇಡಿ, ಆ ಕಪ್ಪೂ ಹೊರಟೋಗುತ್ತೆ.

ಆಸಿಡ್ ಸಾಗಿಸೋ ಗೋಜಿಗೇ ಹೋಗ್ಬೇಡಿ. ಬೆಸುಗೆ ಆದ್ಮೇಲೆ ಒಡವೆ ಅದ್ದೋ ದುರ್ಬಲ ಆಸಿಡ್ ನೀರು ನನ್ನ ಹತ್ರ ಎರಡು ಲೀಟರ್ ಇತ್ತು, ತಾಮ್ರ ಕರಗಿ ನೀಲಿ ತಿರುಗಿತ್ತು. ಅದನ್ನ ಅಂಗಳದಲ್ಲಿಟ್ಕೊಂಡು ಸೋಡಾ ಚೂರುಚೂರೇ ಹಾಕ್ತಾ ಹೋದೆ, ನೊರೆ ಬರೋದು ಪೂರ್ತಿ ನಿಲ್ಲೋವರೆಗೂ. ಆಮೇಲೆ ತಳದಲ್ಲಿ ಹಸಿರು ಗಸಿ ಕೂತ್ಕೊಳುತ್ತೆ, ಅದು ತಾಮ್ರದ್ದು, ಅದನ್ನ ಚರಂಡಿಗೂ ಸುರೀಬಾರ್ದು ಗಿಡಕ್ಕೂ ಹಾಕ್ಬಾರ್ದು, ಒಣಗಿಸಿ ಡಬ್ಬೀಲಿ ಇಟ್ಕೊಂಡಿದೀನಿ. ಹೊಸ ಮನೇಲಿ ಹೊಸದಾಗಿ ಮಾಡ್ಕೊಂಡೆ, ನೀರಿಗೆ ಆಸಿಡ್ ಹಾಕ್ಬೇಕು, ಆಸಿಡ್‌ಗೆ ನೀರು ಹಾಕ್ಬಾರ್ದು, ಇದು ಕಲಿತೋರಿಗೂ ನೆನಪು ಮಾಡೋ ಮಾತೇ.

ಹೊರಡೋ ಹಿಂದಿನ ರಾತ್ರಿ ಕೆಲಸದ ರೂಮಿನ ನೆಲ ಗುಡಿಸಿದೆ. ಹಂಗಂದ್ರೆ ಪೊರಕೇಲಿ ಗುಡಿಸಿದ್ದಲ್ಲ. ಅಲ್ಲಿ ಕಡಪ ಕಲ್ಲಿನ ನೆಲ, ಕಲ್ಲಿಗೂ ಕಲ್ಲಿಗೂ ಮಧ್ಯೆ ಬೆರಳುಗುರು ಹೋಗೋಷ್ಟು ಸಂದು. ಹನ್ನೊಂದು ವರ್ಷ ಅರ ಹಾಕಿದ್ದು, ಗರಗಸದಲ್ಲಿ ಕೊಯ್ದಿದ್ದು, ಹಾರಿದ ಬೆಸುಗೆ ಚೂರು ಎಲ್ಲ ಆ ಸಂದಲ್ಲೇ ಇಳಿದಿತ್ತು. ದಿನಾ ಮುಂದಿನ ಚರ್ಮದ ಹಾಸಲ್ಲಿ ಬೀಳೋದನ್ನ ಎತ್ತಿಡ್ತಿದ್ದೆ, ಆದ್ರೂ ತಪ್ಪಿಸ್ಕೊಂಡಿದ್ದು ತಪ್ಪಿಸ್ಕೊಂಡಿದ್ದೇ. ಹಲ್ಲುಜ್ಜೋ ಬ್ರಷ್ ಮತ್ತೆ ದಬ್ಬಳ ಹಿಡ್ಕೊಂಡು ಒಂದೊಂದೇ ಸಂದು ಕೆದಕ್ತಾ ಹೋದೆ, ರಾತ್ರಿ ಒಂದು ಗಂಟೆ ಆಯ್ತು. ಮಣ್ಣು, ಕೂದಲು, ಮಗಳು ಚಿಕ್ಕೋಳಿದ್ದಾಗಿನ ಬಳಪದ ಚೂರು, ಒಂದು ಹರಳು, ಅದು ನಾಕು ವರ್ಷದ ಹಿಂದೆ ಕಳ್ಕೊಂಡು ನನ್ನ ಕೈಯಿಂದ ಹೊಸದು ಹಾಕಿಕೊಟ್ಟಿದ್ದ ಹರಳು, ಎಲ್ಲ ಬಂತು. ಆ ಧೂಳೆಲ್ಲ ಹಳೇ ಕಬ್ಬಿಣದ ಬಾಣಲೇಲಿ ಹಾಕಿ ಅಂಗಳದಲ್ಲೇ ಸುಟ್ಟೆ, ಕಸ ಕೂದಲು ಬೂದಿ ಆಯ್ತು. ತಣ್ಣಗಾದ್ಮೇಲೆ ಅಯಸ್ಕಾಂತ ಆಡಿಸಿದ್ರೆ ಗರಗಸದ ಬ್ಲೇಡಿನ ಚೂರು, ಅರದ ಕಬ್ಬಿಣ ಎಲ್ಲ ಅಂಟ್ಕೊಂಡು ಬಂತು. ತೊಳೆದು, ಒಣಗ್ಸಿ, ಬಿಳಿಗಾರ ಜಾಸ್ತಿನೇ ಹಾಕಿ ಮೂಸೇಲಿ ಕರಗಿಸಿದೆ. ಮೊದಲು ಬರೀ ಕಪ್ಪು ಗಾಜಿನ ಥರ ಕುದೀತಿತ್ತು, ಆಮೇಲೆ ತಳದಲ್ಲಿ ಒಂದು ಹೊಳಪು ಸುತ್ತೋಕೆ ಶುರು ಆಯ್ತು, ಪಾದರಸ ಓಡಾಡಿದ ಹಂಗೆ. 31 ಗ್ರಾಂ ಬೆಳ್ಳಿ ಉಂಡೆ ಸಿಕ್ತು. ನಂಗೆ ಕೆಲಸ ಕಲ್ಸಿದ ಅಕ್ಕಸಾಲಿ ಅಜ್ಜ ಹೇಳೋರು, "ನೆಲ ನಿನ್ನ ಹತ್ರ ಸಾಲ ಇಸ್ಕೊಂಡಿರ್ತೈತವ್ವ, ಮನೆ ಬಿಡೋವಾಗ ವಾಪಸ್ ಕೇಳು" ಅಂತ. ಅದ್ರಲ್ಲಿ ಬೆಸುಗೆ ಬೆರೆತಿರುತ್ತೆ, ಎಷ್ಟು ಶುದ್ಧ ಅಂತ ಹೇಳಕ್ಕಾಗಲ್ಲ, ಹಂಗಾಗಿ ಯಾರ ಒಡವೆಗೂ ಹಾಕಿಲ್ಲ, ಹಾಗೇ ಇಟ್ಟಿದೀನಿ.

ಸಾಮಾನು ಏರಿಸೋವಾಗ ಹುಣಸೆ ಮರದ ಕೊರಡು ನೋಡಿ ಹಮಾಲಿ ಅಣ್ಣ "ಅಕ್ಕಾ ಸೌದೆನೂ ಒಯ್ಯಬೇಕೇನು?" ಅಂದ್ರು. ಅಡಿಗಲ್ಲು, ಅಂದ್ರೆ ಬೆಳ್ಳಿ ಇಟ್ಟು ಬಡಿಯೋ ಕಬ್ಬಿಣದ ದಿಮ್ಮಿ, ಕೂರ್ಸೋದು ಆ ಕೊರಡಿನ ಮೇಲೆ, ಅಜ್ಜನಿಂದ ಬಂದಿದ್ದು, ಮೇಲ್ಗಡೆ ಅಡಿಗಲ್ಲು ಕೂತು ಕೂತು ಚೌಕ ಗುಳಿ ಬಿದ್ದಿದೆ. ಮೊದಲನೇ ಮಹಡಿಗೆ ಇಬ್ರು ಸೇರಿ ಹತ್ಸಿದ್ರು. ಇಲ್ಲೊಂದು ಮಾತು, ಮಹಡಿ ಮನೆ ಆದ್ರೆ ಕೊರಡನ್ನ ರೂಮಿನ ಮಧ್ಯ ಇಡ್ಬೇಡಿ, ಕೆಳಗೆ ಗೋಡೆ ಇರೋ ಮೂಲೆ ನೋಡಿ ಇಡಿ. ಮಧ್ಯದಲ್ಲಿ ಬಡಿದ್ರೆ ತಾರಸಿ ಪೂರಾ ತಮಟೆ ಥರ ಸದ್ದು ಕೊಡುತ್ತೆ. ಕೊರಡಿನ ಕೆಳಗೆ ಒಂದು ರಬ್ಬರ್ ಮ್ಯಾಟ್, ಅದ್ರ ಮೇಲೆ ಒಣ ಮರಳು ತುಂಬಿದ ಚಪ್ಪಟೆ ಗೋಣಿಚೀಲ ಹಾಕ್ದೆ. ಸದ್ದು ಅರ್ಧಕ್ಕರ್ಧ ಇಳೀತು. ಮನೆ ಓನರ್‌ಗೆ ಅಡ್ವಾನ್ಸ್ ಕೊಡೋಕೆ ಮುಂಚೆನೇ ಗ್ಯಾಸು, ಬೆಂಕಿ, ಬಡಿಯೋದು ಎಲ್ಲ ಹೇಳಿದ್ದೆ. ಕೆಳಗಿನ ಮನೆ ಅಜ್ಜಿ ಹತ್ರಾನೂ ಹೋಗಿ ಹೇಳಿದೆ. ಅವ್ರು ಯೋಚ್ನೆ ಮಾಡಿ "ಮಧ್ಯಾಹ್ನ ನಾನು ಮಲಗ್ತೀನಿ, ನಾಕು ಗಂಟೆ ಮೇಲೆ ಬಡ್ಕೋ" ಅಂದ್ರು, ಒಪ್ಕೊಂಡೆ.

ಈಗ ಆ ಮುಚ್ಚಳದ ವಿಷಯ. ಹೊನ್ನಾಳಿ ಕಡೆ ಒಬ್ರು ಅಜ್ಜಾರು ಮೊಮ್ಮಗಳ ಲಿಂಗದೀಕ್ಷೆಗೆ ಗುಂಡಗಡಿಗೆ, ಅಂದ್ರೆ ದುಂಡನೆ ಕರಡಿಗೆ, ಹೇಳಿದ್ರು. ಬೆಳ್ಳಿ ನಾನೇ ಬೆರೆಸಿದ್ದು, 100 ಗ್ರಾಂ ಶುದ್ಧ ಬೆಳ್ಳಿಗೆ 8.1 ಗ್ರಾಂ ತಾಮ್ರ ಹಾಕಿದ್ರೆ 92.5 ಬೆಳ್ಳಿ, ಅಂದ್ರೆ ನೂರಕ್ಕೆ 92.5 ಭಾಗ ಶುದ್ಧ ಬೆಳ್ಳಿ ಇರೋದು, ಬರುತ್ತೆ. ಹಾಳೆ ಬಡಿದು ಬಟ್ಟಲು ಮಾಡ್ತಾ ಹೋದಂಗೆ ಬೆಳ್ಳಿ ಗಟ್ಟಿ ಆಗುತ್ತೆ, ಇನ್ನೂ ಬಡಿದ್ರೆ ಅಂಚು ಸೀಳುತ್ತೆ, ಅದಕ್ಕೆ ಆಗಾಗ ಕಾಯ್ಸಿ ಮೆತ್ತಗೆ ಮಾಡ್ಬೇಕು. ಅದಕ್ಕೆ ಬೇಕಿರೋದು 600ರಿಂದ 650 ಡಿಗ್ರಿ. ಯಾರೂ ಥರ್ಮಾಮೀಟರ್ ಇಟ್ಕೊಂಡು ಕೂರಲ್ಲ, ಬಣ್ಣ ನೋಡಿ ನಿಲ್ಸೋದು. ಮಂಕು ಕೆಂಪು, ಒಲೇಲಿ ಬೂದಿ ಮುಚ್ಚಿದ ಕೆಂಡ ಇರುತ್ತಲ್ಲ, ಆ ಕೆಂಪು. ಅದು ಕಂಡ ತಕ್ಷಣ ಬೆಂಕಿ ತೆಗೀಬೇಕು. 800 ದಾಟಿದ್ರೆ ಅದು ಒಳಗಿಂದ ಸಡಿಲ ಆಗೋಕೆ ಶುರು, 900 ಹತ್ರ ಪೂರಾ ನೀರು.

ನಾನು ಕಾಯ್ಸ್ತಾ ಇದೀನಿ, ಕೆಂಪು ಬರ್ತಾನೇ ಇಲ್ಲ. ಇನ್ನೂ ಬಂದಿಲ್ಲ ಇನ್ನೂ ಬಂದಿಲ್ಲ ಅಂತ ಬೆಂಕಿ ಹತ್ರ ತಂದೆ, ನೋಡ್ತಾ ಇದ್ದಂಗೆ ಮೇಲ್ಮೈ ಕನ್ನಡಿ ಥರ ಹೊಳೀತು, ಅಂಚು ಮಡಚ್ಕೊಂಡು ಒಳಕ್ಕೆ ಕುಸೀತು. ಎರಡು ಸೆಕೆಂಡು. ಐದು ದಿನದ ಕೆಲಸ.

ಗ್ಯಾಸ್ ಕಮ್ಮಿ ಆಗಿರ್ಬೇಕು, ರೆಗ್ಯುಲೇಟರ್ ಕೆಟ್ಟಿರ್ಬೇಕು, ತಾಮ್ರದ ಲೆಕ್ಕ ತಪ್ಪಿರ್ಬೇಕು ಅಂತ ಏನೇನೋ ನೋಡಿದೆ. ಎರಡನೇ ದಿನ ಸಂಜೆ ಕರೆಂಟ್ ಹೋಯ್ತು. ಸುಮ್ನೆ ಒಂದು ಚೂರು ಹಾಳೆ ಕಾಯ್ಸಿ ನೋಡೋಣ ಅಂತ ಗನ್ ಹಚ್ಚಿದ್ರೆ, ಕೆಂಪು ಕಣ್ಣಿಗೆ ಹೊಡೆದ ಹಂಗೆ ಕಾಣ್ತಿದೆ! ಆಗ ಹೊಳೀತು. ದುರ್ಗದ ಮಾಳಿಗೆ ಮನೇಲಿ ರೂಮಿಗೆ ಇದ್ದಿದ್ದು ಮೇಲೊಂದು ಬೆಳಕಿಂಡಿ ಮಾತ್ರ, ನಾನು ಕಾಯ್ಸ್ತಿದ್ದ ಮೂಲೆಗೆ ಅದ್ರ ಬೆಳಕೂ ಬರ್ತಿರಲಿಲ್ಲ. ಇಲ್ಲಿ ಎರಡು ದೊಡ್ಡ ಕಿಟಕಿ, ಬಿಳಿ ಗೋಡೆ, ಬಿಳಿ ಟೈಲ್ಸು, ಮೇಲೆ ಎಲ್‌ಇಡಿ. ಮನೆ ನೋಡೋಕೆ ಬಂದಾಗ ಎಷ್ಟು ಬೆಳಕಿದೆ ಅಂತ ಖುಷಿಪಟ್ಟಿದ್ದೆ, ಅದೇ ಬೆಳಕು ಕೆಂಪನ್ನ ನುಂಗಿಬಿಟ್ಟಿತ್ತು. ಬೆಳ್ಳಿ ಹದಕ್ಕೆ ಬಂದಾಗ್ಲೂ ನಂಗೆ ಕಂಡಿಲ್ಲ, ನಂಗೆ ಕಾಣೋಷ್ಟರಲ್ಲಿ ಅದು ಹದ ದಾಟಿ ಹೋಗಿತ್ತು. ಹನ್ನೊಂದು ವರ್ಷ ಕೈಗೆ ಗೊತ್ತು ಅಂದ್ಕೊಂಡಿದ್ದೆ, ಅರ್ಧ ಗೊತ್ತಿದ್ದಿದ್ದು ಆ ಕತ್ತಲೆ ಮೂಲೆಗೆ.

ಈಗ ಕೂರೋ ಜಾಗ ಎರಡು ಮಾಡ್ಕೊಂಡಿದೀನಿ. ಹರಳು ಕೂರ್ಸೋದು, ಅರ ಹಾಕೋದು, ಕೆತ್ತೋದು ಉತ್ತರದ ಕಿಟಕಿ ಹತ್ರ, ಅಲ್ಲಿ ದಿನವಿಡೀ ಒಂದೇ ಸಮ ಬೆಳಕು, ನೇರ ಬಿಸಿಲು ಬೀಳಲ್ಲ. ಕಾಯ್ಸೋದು ಬೆಸೆಯೋದು ಬಾಗಿಲ ಹಿಂದಿನ ಮೂಲೇಲಿ. ಅಲ್ಲಿ ಮೂರು ಕಡೆ ತಗಡು ನಿಲ್ಸಿ ಒಳಗೆ ಕಪ್ಪು ಬಳಿದಿದೀನಿ, ಗೂಡಿನ ಥರ. ಹೊಗೆ ಹೋಗೋಕೆ ಪಕ್ಕದಲ್ಲೇ ಎಕ್ಸಾಸ್ಟ್ ಫ್ಯಾನ್. ಟೈಲ್ಸ್ ಮೇಲೆ ನೇರ ಬೆಂಕಿ ಬಿದ್ರೆ ಪಟ್ ಅಂತ ಸೀಳುತ್ತೆ, ಅದಕ್ಕೆ ಒಂದು ಸಾಲು ಇಟ್ಟಿಗೆ ಜೋಡಿಸಿ ಅದ್ರ ಮೇಲೆ ಕೆಲಸ. ಕಣ್ಣು ಹೊಂದ್ಕೊಳೋವರೆಗೂ ಇನ್ನೊಂದು ಉಪಾಯನೂ ಇಟ್ಕೊಂಡಿದ್ದೆ, ಕಾಯ್ಸೋ ಹಾಳೆ ಮೇಲೆ ಪರ್ಮನೆಂಟ್ ಮಾರ್ಕರಲ್ಲಿ ಒಂದು ಗೆರೆ ಎಳೆಯೋದು, ಬೆಳ್ಳಿ ಹದಕ್ಕೆ ಬಂದಾಗ ಗೆರೆ ಸುಟ್ಟು ಮಾಯ ಆಗುತ್ತೆ, ಅಲ್ಲಿಗೆ ಸಾಕು.

ತಕ್ಕಡೀನೂ ಕೈ ಕೊಡೋದ್ರಲ್ಲಿತ್ತು. ಫ್ಯಾನ್ ಕೆಳಗೆ ಇಟ್ಟಿದ್ದೆ, ಗಾಳಿಗೆ ನಂಬರ್ ನಿಲ್ತಾನೇ ಇರಲಿಲ್ಲ. ಜಾಗ ಬದಲಾಯ್ಸಿ, ನೂರು ಗ್ರಾಂ ಕಲ್ಲಿಟ್ಟು ಮತ್ತೆ ಸೆಟ್ ಮಾಡಿ, ನೋಟ್‌ಬುಕ್ ತಗೊಂಡು ಗಿರಾಕಿಗಳ ಕವರ್ ಒಂದೊಂದೂ ತೂಗಿದೆ, ಎಲ್ಲಾ ತಾಳೆ ಆಯ್ತು. ಜಿಎಸ್‌ಟಿ ಇದ್ದೋರು ವಿಳಾಸ ಬದಲಾದ 15 ದಿನದೊಳಗೆ ಆನ್‌ಲೈನಲ್ಲಿ ತಿದ್ದುಪಡಿ ಹಾಕ್ಬೇಕು, ಬಾಡಿಗೆ ಕರಾರು ಮತ್ತೆ ಕರೆಂಟ್ ಬಿಲ್ಲು ಮೊದಲೇ ರೆಡಿ ಇಟ್ಕೊಳ್ಳಿ.

ಅಜ್ಜಾರಿಗೆ ಅವತ್ತೇ ಫೋನ್ ಮಾಡಿ ಇದ್ದಿದ್ದು ಇದ್ದಂಗೆ ಹೇಳಿದ್ದೆ. ಒಂದು ನಿಮಿಷ ಸುಮ್ನಿದ್ರು. ಆಮೇಲೆ, "ಬೆಳ್ಳಿ ಎಲ್ಲೂ ಹೋಗಿಲ್ಲಲ್ಲವ್ವ? ಹಂಗಾರೆ ಇನ್ನೊಂದ್ಸಲ ಬಡಿ. ದೀಕ್ಷೆ ಇರೋದು ಬರೋ ಸೋಮವಾರ" ಅಂದ್ರು. ಅದೇ ಬೆಳ್ಳೀನ ಮತ್ತೆ ಕರಗಿಸಿ ಗಟ್ಟಿ ಎರೆದು, ಹಾಳೆ ಮಾಡಿ, ಬಡಿದೆ. ಹಗಲು ಹನ್ನೆರಡರವರೆಗೆ, ಆಮೇಲೆ ನಾಕರ ಮೇಲೆ. ಭಾನುವಾರ ಸಂಜೆ ಅವ್ರ ಮಗ ಬಂದು ತಗೊಂಡು ಹೋದ್ರು, ಶಿವದಾರ ಹಾಕೋ ಎರಡೂ ಕೊಂಡಿ ಎಳೆದು ನೋಡಿ, ಮುಚ್ಚಳ ತೆಗೆದು ಹಾಕಿ ನೋಡಿ, ಹಣೆಗೆ ಒತ್ಕೊಂಡು ಜೇಬಿಗಿಟ್ಕೊಂಡ್ರು.

ಮೊನ್ನೆ ಮಧ್ಯಾಹ್ನ ಎರಡೂವರೆ, ನಾನು ಕಿಟಕಿ ಹತ್ರ ಸದ್ದಿಲ್ದಂಗೆ ಅರ ಹಾಕ್ತಾ ಕೂತಿದ್ದೆ. ಕೆಳಗಿನ ಮನೆ ಅಜ್ಜಿ ಮೆಟ್ಲು ಹತ್ಕೊಂಡು ಬಂದ್ರು, ಸೆರಗಿನ ಗಂಟು ಬಿಚ್ಚಿ ಸವೆದು ಅಗಲ ಆಗಿರೋ ಒಂದು ಜೊತೆ ಕಾಲುಂಗುರ ಮಣೆ ಮೇಲಿಟ್ರು. "ಜಾರಿ ಜಾರಿ ಬೀಳ್ತಾವೆ, ನೋಡವ್ವ" ಅಂದ್ರು. ನಾಕು ಗಂಟೆ ಆಗ್ಲಿ ಅಜ್ಜಿ, ಬಡಿದು ಸರಿ ಮಾಡಿಕೊಡ್ತೀನಿ ಅಂದೆ. ಅವ್ರು ಬಾಗಿಲ ಹತ್ರಾನೇ ಕಾಲು ನೀಡ್ಕೊಂಡು ಕೂತ್ಕೊಂಡು, "ನಾನೇ ಇಲ್ಲಿ ಕೂತಿದೀನಲ್ಲ, ಈಗ್ಲೇ ಬಡಿ" ಅಂದ್ರು.