ಕಫ ಎಣಿಸುತ್ತಾ ಕಲಿತದ್ದು

ಅಲರ್ಜಿ, ಅಸ್ತಮಾದ ಸಂಶೋಧನೆಗೆ ಸೇರಿದಾಗ ಮೊದಲು ನನ್ನ ಕೈಗೆ ಬಂದದ್ದು ಬೇರೆಯವರ ಕಫ. ಹೀಗೆಂದರೆ ಕೇಳಿದವರು ಮುಖ ಕಿವುಚುತ್ತಾರೆ. ಆದರೆ ಈ ಕಾಯಿಲೆ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಲಿತದ್ದು ಅಲ್ಲೇ.

ರೋಗಿಗೆ ಮೊದಲು ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಡುತ್ತೇವೆ. ಆಮೇಲೆ ನೆಬ್ಯುಲೈಸರ್‌ನಿಂದ ಉಪ್ಪುನೀರಿನ ಮಂಜು ಎಳೆದುಕೊಂಡು ಕೆಮ್ಮಬೇಕು. ಬಂದದ್ದರಲ್ಲಿ ಎಂಜಲು ಬಿಟ್ಟು, ಗಟ್ಟಿ ಕಫವನ್ನಷ್ಟೇ ಚಿಮಟದಲ್ಲಿ ಆರಿಸಿಕೊಳ್ಳುತ್ತೇವೆ. ಅದನ್ನು ಕರಗಿಸುವ ಡಿಟಿಟಿ ಅನ್ನುವ ರಾಸಾಯನಿಕಕ್ಕೆ ಕೊಳೆತ ಮೊಟ್ಟೆಯ ವಾಸನೆ. ಕೊನೆಗೆ ಜೀವಕೋಶಗಳನ್ನು ಸ್ಲೈಡ್ ಮೇಲೆ ಕೂರಿಸಿ, ಬಣ್ಣ ಹಾಕಿ, 400 ಕೋಶ ಎಣಿಸಬೇಕು. ಬಿಳಿ ರಕ್ತಕಣಗಳಲ್ಲಿ ಇಯೊಸಿನೊಫಿಲ್ ಅನ್ನುವ ಬಗೆ ಕಂಡರೆ ಕೌಂಟರ್‌ನ ಒಂದು ಗುಂಡಿ, ನ್ಯೂಟ್ರೊಫಿಲ್ ಅನ್ನುವ ಬಗೆ ಕಂಡರೆ ಇನ್ನೊಂದು. ಟಕ್, ಟಕ್.

ಇಯೊಸಿನೊಫಿಲ್ ನೋಡಲು ಚೆಂದ. ನಡುವೆ ಎರಡು ಹೋಳಿನ ನ್ಯೂಕ್ಲಿಯಸ್, ಸುತ್ತ ಕಿತ್ತಳೆ ಮಿಶ್ರಿತ ಗುಲಾಬಿ ಕಾಳುಗಳು. ನಾನು ಓದಿಕೊಂಡು ಬಂದಿದ್ದ ಪ್ರಕಾರ ಅಸ್ತಮಾ ಇದ್ದವರ ಕಫದ ತುಂಬ ಇವೇ ಇರಬೇಕು. ಒಂದು ದಿನ ಬಂದ ಸ್ಲೈಡಿನಲ್ಲಿ ಒಂದೂ ಇರಲಿಲ್ಲ. ಆ ಹೆಂಗಸು ಮಾತಿನ ನಡುವೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದರು, ಎದೆಯ ಸೀಟಿ ನನಗೇ ಕೇಳುತ್ತಿತ್ತು. ಬಣ್ಣ ಕೆಟ್ಟಿರಬೇಕು ಅಂತ ಇನ್ನೆರಡು ಸ್ಲೈಡ್ ಮಾಡಿದೆ. ಅವುಗಳಲ್ಲೂ ಇಲ್ಲ. ಗೈಡ್ ಬಂದು ಇಣುಕಿ, "ಎಣಿಕೆ ಸರಿಯಾಗೇ ಇದೆ. ಅವರ ಉಬ್ಬಸ ಬೇರೆ ಜಾತಿದು" ಅಂದು ಹೋದರು. ಆ ಮಾತು ಅರ್ಥ ಆಗಲು ನನಗೆ ವರ್ಷಗಳೇ ಹಿಡಿದವು.

ಇಯೊಸಿನೊಫಿಲ್‌ಗಳನ್ನು ಬೆಳೆಸುವುದು ಐಎಲ್-5 ಅನ್ನುವ ಪ್ರೋಟೀನ್. ಅದನ್ನು ತಡೆಯುವ ಆಂಟಿಬಾಡಿಯ ಮೊದಲ ಪ್ರಯೋಗದ ಫಲಿತಾಂಶ 2000ದಲ್ಲಿ ಬಂತು. ಇಯೊಸಿನೊಫಿಲ್ ಇಳಿದವು, ಆದರೆ ಶ್ವಾಸನಾಳದ ಸಿಡಿಮಿಡಿ, ಅಂದರೆ ಸಣ್ಣ ಕಾರಣಕ್ಕೂ ಬಿಗಿದುಕೊಳ್ಳುವ ಗುಣ, ಇಳಿಯಲಿಲ್ಲ. ಈ ದಾರಿಯೇ ತಪ್ಪು ಅಂತ ಎಷ್ಟೋ ಜನ ಕೈಬಿಟ್ಟರು. 2009ರಲ್ಲಿ ಸಂಶೋಧಕರ ಎರಡು ಗುಂಪುಗಳು ಬೇರೆ ಥರ ಮಾಡಿದವು. ಸ್ಟೀರಾಯ್ಡ್ ತೆಗೆದುಕೊಂಡರೂ ಕಫದಲ್ಲಿ ಇಯೊಸಿನೊಫಿಲ್ ಉಳಿದವರನ್ನು ಮಾತ್ರ ಆರಿಸಿಕೊಂಡವು. ಅವರಲ್ಲಿ ಕಾಯಿಲೆ ಉಲ್ಬಣಿಸುವುದು ಕಡಿಮೆ ಆಯಿತು. 2015ರಲ್ಲಿ ಅಮೆರಿಕದಲ್ಲಿ ಔಷಧಿಗೆ ಒಪ್ಪಿಗೆಯೂ ಸಿಕ್ಕಿತು. ಔಷಧಿ ಅದೇ, ರೋಗಿಗಳು ಬೇರೆ. ಆ ಪ್ರಬಂಧಗಳನ್ನು ಓದುವಾಗ ನನಗೆ ನೆನಪಾದದ್ದು ಆ ಮೂರು ಸ್ಲೈಡುಗಳು.

ನಡುವೆ ಇಲಿಗಳ ಕಥೆಯೂ ಇದೆ. ಇಲಿಗೆ ಅಸ್ತಮಾ ತಾನಾಗಿ ಬರುವುದಿಲ್ಲ, ನಾವೇ ಬರಿಸಬೇಕು. ಹಾಸಿಗೆ ದೂಳಿನಲ್ಲಿ ಬದುಕುವ ನುಸಿಯ ಸಾರವನ್ನು ಕೆಲವು ವಾರ ಮೂಗಿಗೆ ಹನಿಸಿದರೆ ಶ್ವಾಸಕೋಶಕ್ಕೆ ಇಯೊಸಿನೊಫಿಲ್ ನುಗ್ಗುತ್ತವೆ. ನನ್ನ ಪ್ರಯೋಗ ಚೆನ್ನಾಗೇ ನಡೆಯುತ್ತಿತ್ತು. ಸಾರ ಮುಗಿದು ಹೊಸ ಬಾಟಲಿ ತೆರೆದೆ. ಎಲ್ಲ ತಲೆಕೆಳಗಾಯಿತು, ಸ್ಲೈಡ್ ತುಂಬ ನ್ಯೂಟ್ರೊಫಿಲ್! ಇಲಿ ಬದಲಾಯಿಸಿದೆ, ಪ್ರಮಾಣ ಬದಲಾಯಿಸಿದೆ, ನನ್ನ ಕೈಯನ್ನೇ ಅನುಮಾನಿಸಿದೆ. ಎಂಟು ತಿಂಗಳು ಸುಮ್ನೆ ಹೋಯಿತು. ಕಡೆಗೆ ಎರಡೂ ಬಾಟಲಿಗಳಲ್ಲಿ ಎಂಡೋಟಾಕ್ಸಿನ್, ಅಂದರೆ ಬ್ಯಾಕ್ಟೀರಿಯಾದ ಹೊರಪದರದ ಅಂಶ, ಎಷ್ಟಿದೆ ಅಂತ ಅಳೆದೆ. ಹೊಸದರಲ್ಲಿ ಎಷ್ಟೋ ಪಟ್ಟು ಜಾಸ್ತಿ ಇತ್ತು. ಹೆಸರು ಒಂದೇ, ಒಳಗಿರುವುದು ಬೇರೆ. ಈಗ ಒಂದು ಅಧ್ಯಯನಕ್ಕೆ ಬೇಕಾದ ಸಾರವನ್ನೆಲ್ಲ ಒಂದೇ ಬ್ಯಾಚಿನಲ್ಲಿ ತರಿಸಿ, ಅಳೆದೇ ಫ್ರೀಜರ್‌ಗೆ ಇಡುತ್ತೇನೆ.

ನಮ್ಮ ಕ್ಷೇತ್ರದ ಹಿರಿಯರು ಇಲಿಗೂ ಕಾಯಲಿಲ್ಲ ಅನ್ನಿ. ಅವರಲ್ಲಿ ಇಬ್ಬರು ಜರ್ಮನಿಯ ವೈದ್ಯರು, ಪ್ರೌಸ್‌ನಿಟ್ಜ್ ಮತ್ತು ಕುಸ್ಟ್ನರ್. ಕುಸ್ಟ್ನರ್‌ಗೆ ಮೀನಿನ ಅಲರ್ಜಿ. ಅವರ ರಕ್ತದ ಸೀರಮ್ಮನ್ನು ಪ್ರೌಸ್‌ನಿಟ್ಜ್ ತಮ್ಮ ಚರ್ಮಕ್ಕೇ ಚುಚ್ಚಿಕೊಂಡರು. ಮರುದಿನ ಅಲ್ಲಿಗೆ ಮೀನಿನ ಸಾರ ಚುಚ್ಚಿದರೆ ದದ್ದು ಎದ್ದಿತು. ಇದು 1921ರ ಮಾತು. ಸೀರಮ್ಮಿನಲ್ಲಿ ಇದ್ದದ್ದು ಅಲರ್ಜಿ ತರುವ ಐಜಿಇ ಅನ್ನುವ ಆಂಟಿಬಾಡಿ ಅಂತ ಗೊತ್ತಾಗಲು 1960ರ ದಶಕದ ಕೊನೆಯೇ ಬರಬೇಕಾಯಿತು. ಇಶಿಝಾಕ ದಂಪತಿ ಒಂದು ಕಡೆ, ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನಿಕ್ ಇನ್ನೊಂದು ಕಡೆ ಅದನ್ನು ಹುಡುಕಿದರು. ನನ್ನ ಧೈರ್ಯ ಮುಂಗೈಗೆ ನುಸಿಯ ಸಾರದ ಹನಿ ಹಾಕಿ ಚುಚ್ಚಿಕೊಳ್ಳುವಷ್ಟೇ. ಹದಿನೈದು ನಿಮಿಷಕ್ಕೆ ಸೊಳ್ಳೆ ಕಚ್ಚಿದ ಹಾಗೆ ಉಬ್ಬಿತು. ನನಗೂ ಅಲರ್ಜಿ ಇದೆ ಅಂತ ಗೊತ್ತಾದದ್ದೇ ಆವಾಗ.

ಈಗ ಕೋಶಗಳನ್ನು ವಿಂಗಡಿಸಲು ದೊಡ್ಡ ದೊಡ್ಡ ಯಂತ್ರಗಳಿವೆ. ಆದರೂ ಹೊಸಬರನ್ನು ಮೊದಲು ಮೈಕ್ರೋಸ್ಕೋಪ್ ಮುಂದೆ ಕೂರಿಸುತ್ತೇನೆ, ಬೈದುಕೊಂಡೇ ಎಣಿಸುತ್ತಾರೆ. ಮೊನ್ನೆ ಒಬ್ಬಳು, "ಮೇಡಂ, ಇದು ಯಾವ ಕೋಶ?" ಅಂತ ಕರೆದಳು. ಫೋಕಸ್ ತಿರುಗಿಸಿ ತಿರುಗಿಸಿ ನೋಡಿದೆ. ನನಗೂ ಗೊತ್ತಾಗಲಿಲ್ಲ. "ಫೋಟೋ ತೆಗೆದಿಡು, ಯಾವ ಗುಂಡಿಯನ್ನೂ ಒತ್ತಬೇಡ" ಅಂದೆ.