ಜೂನ್ 5ರಂದು ನಾವು ಗಿಡ ನೆಡಲ್ಲ

"ಪರಿಸರ ದಿನ ಗಿಡ ನೆಡದಿದ್ರೆ ಹೇಗ್ರೀ ಮೇಷ್ಟ್ರೇ?" ಎಂದು ನಕ್ಕವರೇ ಈಗ ನಮ್ಮ ಶಾಲೆಗೆ ಬಂದರೆ ಹೊಂಗೆ ನೆರಳು ಹುಡುಕಿ ಬೈಕ್ ನಿಲ್ಲಿಸುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ತಾರೀಖು ನಮ್ಮ ಮಳೆ ನೋಡಿ ಇಟ್ಟದ್ದಲ್ಲ. 1972ರ ಜೂನ್ 5ರಂದು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಶುರುವಾಯಿತು. ಇಂದಿರಾ ಗಾಂಧಿಯೂ ಅಲ್ಲಿ ಮಾತಾಡಿದ್ದರು. ಅದೇ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಆ ದಿನವನ್ನೇ ಪರಿಸರ ದಿನ ಮಾಡಿತು. ಗಿಡ ನೆಡಲು ನಮ್ಮಲ್ಲಿ ಬೇರೆ ಹಬ್ಬವೇ ಇದೆ, 1950ರಲ್ಲಿ ಆಗಿನ ಕೇಂದ್ರ ಕೃಷಿ ಮಂತ್ರಿ ಕೆ.ಎಂ. ಮುನ್ಶಿ ಶುರು ಮಾಡಿದ ವನಮಹೋತ್ಸವ. ಅದು ಜುಲೈನಲ್ಲಿ. ಚಿತ್ರದುರ್ಗ ಜಿಲ್ಲೆಯ ನಮ್ಮ ಚಳ್ಳಕೆರೆ ಸೀಮೆಗೆ ಅದೂ ಅವಸರವೇ.

ಜೂನ್‌ನಲ್ಲಿ ನಮಗೆ ಸಿಗೋದು ಮಳೆಗಿಂತ ಗಾಳಿ ಜಾಸ್ತಿ. ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರ ತಿರುಗಿಸುವ ಗಾಳಿಯೇ ಸಸಿಯನ್ನೂ ಒಣಗಿಸುತ್ತೆ. ಮೊದಲೆಲ್ಲ ನೂರು ಸಸಿ, ಬ್ಯಾನರ್, ಫೋಟೋ, ಲಾಡು. ಮುಂದಿನ ಜೂನ್‌ಗೆ ಉಳಿಯುತ್ತಿದ್ದದ್ದು ಐದಾರು. ಸಸಿಗಿಂತ ಬ್ಯಾನರಿಗೇ ಹೆಚ್ಚು ದುಡ್ಡು! ಬೇಸಿಗೆಗೆ ಟ್ಯಾಂಕರ್ ತರಿಸಿದರೆ ಒಂದಕ್ಕೆ ಆರೇಳು ನೂರು ರೂಪಾಯಿ ಆಗುತ್ತಿತ್ತು. ಒಂದು ವರ್ಷ ನಾಲ್ಕೈದು ಸಾವಿರ ನೀರಿಗೇ ಹೋಯಿತು, ಕೊನೆಗೆ ಸಸಿಗಳನ್ನು ಕುರಿ ಮೇಯ್ದವು.

ಈಗ ಜೂನ್ 5ಕ್ಕೆ ಗುಂಡಿ ಮಾತ್ರ ತೋಡುತ್ತೇವೆ, ಸುಮಾರು ಒಂದೂವರೆ ಅಡಿ. ರೋಹಿಣಿ, ಮೃಗಶಿರ ಮಳೆ ಏನು ಹನಿಸಿದರೂ ಅದರಲ್ಲೇ ಇಂಗಲಿ. ಅವತ್ತೇ ಹೋದ ವರ್ಷದ ಗಿಡಗಳ ಹಾಜರಿ. ಮಕ್ಕಳು ತಮ್ಮ ತಮ್ಮ ಗಿಡದ ಪಕ್ಕ ನಿಂತು "ಇದೆ ಸರ್", "ಹೋಯ್ತು ಸರ್" ಅಂತಾರೆ. ಇದರ ಮುಂದೆ ಭಾಷಣ ಸಪ್ಪೆ. ನೆಡೋದು ಸೆಪ್ಟೆಂಬರ್ ಹೊತ್ತಿನ ಹುಬ್ಬೆ, ಉತ್ತರೆ ಮಳೆಯಲ್ಲಿ. ಆಮೇಲಿನ ಹಸ್ತ, ಚಿತ್ತೆ ಮಳೆ ಕೈ ಹಿಡಿದರೆ ಬೇರು ಕೆಳಗೆ ಇಳಿದಿರುತ್ತೆ. ಸುತ್ತ ಬಳ್ಳಾರಿ ಜಾಲಿ ಮುಳ್ಳು, ಅದು ಬಿಟ್ಟಿ. ಶಾಲೆ ಇರುವಷ್ಟು ದಿನ ಬಿಸಿಯೂಟದ ತಟ್ಟೆ ತೊಳೆದ ನೀರು. ಈಚೆಗೆ ಅರವತ್ತು ನೆಟ್ಟರೆ ನಲವತ್ತರ ಮೇಲೆ ಉಳಿಯುತ್ತಿವೆ. ಹೊಂಗೆ, ಬೇವು, ಹುಣಸೆ ಅಷ್ಟೇ. ಗುಲ್‌ಮೊಹರ್ ಕೇಳಬೇಡಿ.

ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಶೇಂಗಾ ಸಿಪ್ಪೆಗೆ ಬರವಿಲ್ಲ. ಬುಡಕ್ಕೆ ಹೊದಿಸಿ ನೋಡಿದೆ. ತೇವ ಚೆನ್ನಾಗಿ ನಿಂತಿತು, ಆದರೆ ಗೆದ್ದಲು ಹಬ್ಬ ಮಾಡಿತು. ಬೇವಿನ ಹಿಂಡಿ ಬೆರೆಸಿದ ಮೇಲೆ ಸ್ವಲ್ಪ ತಗ್ಗಿದೆ. ಎಷ್ಟು ಹಿಂಡಿ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. 2018ರಲ್ಲಿ ಪರಿಸರ ದಿನಕ್ಕೆ ಭಾರತವೇ ಆತಿಥೇಯ, ವಿಷಯ ಪ್ಲಾಸ್ಟಿಕ್ ಮಾಲಿನ್ಯ. ಆಗ ಹಾಲಿನ ಕವರ್ ತರಿಸಿ ಹೊಂಗೆ ಬೀಜ ಹಾಕಿಸಿದ್ದೆ. ಮೊಳಕೆ ಚೆನ್ನಾಗಿ ಬಂತು, ಬೇರು ಮಾತ್ರ ತಳದಲ್ಲಿ ಸುತ್ತಿಕೊಂಡಿತು. ಅರ್ಧ ಲೀಟರಿನ ಕವರ್ ಸುಮ್ನೆ ದಂಡ, ಒಂದು ಲೀಟರಿನದು ಪರವಾಗಿಲ್ಲ.

ಏಪ್ರಿಲ್, ಮೇ ರಜೆಯಲ್ಲಿ ನೀರು ಯಾರು ಹಾಕ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ಹಿಂದೆ ಸಸಿ ಮೇಯಿಸಿದ ಕುರಿಯವರೇ ಹಾಕ್ತಾರೆ. ಅವರನ್ನು ಹೇಗೆ ಒಪ್ಪಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಶಾಲೆಗೆ ಬನ್ನಿ ಹೇಳ್ತೀನಿ.